ಕಂಚಿನ ಕಾಯಿ

ಅಚ್ಚು ಒಡೆಯುವ ದಿನ ಭೀಮರಾಜುವಿಗೆ ಯಾವ ಕೆಲಸವೂ ನೆಟ್ಟಗಾಗುವುದಿಲ್ಲ. ಕಂಚಿನ ಕೆಲಸಕ್ಕೆ ಕೈಹಾಕಿ ಇಪ್ಪತ್ತು ವರ್ಷವಾಗಿದ್ದರೂ ಅವತ್ತು ಮಾತ್ರ ಅವನು ಫಲಿತಾಂಶ ನೋಡಲು ಹೊರಟ ಹೈಸ್ಕೂಲು ಹುಡುಗ. ಎದ್ದವನೇ ಎರಡು ಸಲ ಹಿತ್ತಲಿಗೆ ಹೋಗಿಬರುತ್ತಾನೆ, ಕಾಲಲ್ಲೇ ಇರುವ ಚಪ್ಪಲಿ ಹುಡುಕುತ್ತಾನೆ, ಕಾಫಿಯನ್ನು ಅರ್ಧ ಕುಡಿದು ಲೋಟವನ್ನು ಎಲ್ಲೋ ಇಟ್ಟು ಮರೆಯುತ್ತಾನೆ. ಇವತ್ತು ಆ ಲೋಟ ಬಣ್ಣದ ನೀರಿನ ಡಬ್ಬಿಯ ಪಕ್ಕದಲ್ಲಿ ಸಿಕ್ಕಿತು. ಸಿಗುವ ಹೊತ್ತಿಗೆ ಅದರಲ್ಲಿ ಒಂದು ಸಲ ಕುಂಚ ಅದ್ದಿಯೂ ಆಗಿತ್ತು. ಬರೆಯುತ್ತಿದ್ದ ತೋಟದ ಚಿತ್ರದ ಮೂಲೆಯಲ್ಲಿ ಕಾಫಿಯ ಕಂದು ಹರಡಿಕೊಂಡಿದ್ದನ್ನು ನೋಡಿ ತನ್ನನ್ನೇ ಬೈದುಕೊಂಡ. ಆಮೇಲೆ ತಲೆ ಓರೆ ಮಾಡಿ ನೋಡಿದ. ಒಣಗಿ ಬಿದ್ದ ತೆಂಗಿನ ಸೋಗೆಗೆ ಒಂದು ವಾರದಿಂದ ಹುಡುಕುತ್ತಿದ್ದ ಬಣ್ಣ ಅದೇ ಆಗಿತ್ತು. ಖುಷಿಯಲ್ಲಿ ಉಳಿದ ಕಾಫಿಯನ್ನು ಕುಡಿಯದೆ ಪೂರ್ತಿ ಸೋಗೆಗೇ ಬಳಸಿದ. ಬೆಳಗಿನ ಎರಡು ಗಂಟೆ ಬಣ್ಣಕ್ಕೆ, ಹೊತ್ತೇರಿದ ಮೇಲೆ ಮೇಣ, ಮಣ್ಣು, ಬೆಂಕಿಗೆ ಎಂದು ಅವನು ದಿನವನ್ನು ಪಾಲು ಮಾಡಿಕೊಂಡು ಎಷ್ಟೋ ಕಾಲವಾಗಿತ್ತು. ಈ ಎರಡು ಗಂಟೆಯಲ್ಲಿ ಅವನಿಗೆ ಯಾರ ಮೇಲೂ ಸಿಟ್ಟಿರುವುದಿಲ್ಲ, ಪಂಚಾಯ್ತಿಯವರು ಸರ್ಕಲ್ಲಿಗೆ ಅಂತ ಮಾಡಿಸಿದ ಸಿಮೆಂಟಿನ ತೆಂಗಿನಕಾಯಿಗೆ ಅವನ ಕೈಯಿಂದಲೇ ಗಿಳಿಹಸಿರು ಹೊಡೆಸಿದ್ದರ ಮೇಲೂ.

ಅವನ ಕೆಲಸದ ಜಾಗ ದಬ್ಬೇಘಟ್ಟದ ರಸ್ತೆಯಲ್ಲಿದ್ದ ಸದಾಶಿವಯ್ಯನವರ ಹಳೇ ಕೊಬ್ಬರಿ ಮನೆ. ಕೆಳಗೆ ಭೀಮರಾಜು, ಮೇಲಿನ ಅಟ್ಟದಲ್ಲಿ ಸದಾಶಿವಯ್ಯನವರ ಕಾಯಿ. ಮರದಿಂದ ಇಳಿಸಿದ ಕಾಯಿ ಹತ್ತು ಹನ್ನೊಂದು ತಿಂಗಳು ಆ ಕತ್ತಲಲ್ಲಿ ಸುಮ್ಮನೆ ಬಿದ್ದಿರಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುವ ತನಕ ಅದನ್ನು ಯಾರೂ ಅವಸರ ಮಾಡುವಂತಿಲ್ಲ. ಇಲಿ ಓಡಿದರೆ ಒಂದೋ ಎರಡೋ ಉರುಳುತ್ತವೆ. ಮೊದಮೊದಲು ಬೆಚ್ಚಿಬೀಳುತ್ತಿದ್ದವನಿಗೆ ಈಗ ಆ ಸದ್ದಿಲ್ಲದಿದ್ದರೆ ಕೆಲಸ ಸಾಗುವುದಿಲ್ಲ. ಮೂಲೆಯಲ್ಲಿ ಎತ್ತರದ ಪೀಠದ ಮೇಲೆ ಹಳೇ ಸೀರೆ ಹೊದಿಸಿಟ್ಟ ಕಂಚಿನ ತಲೆಯೊಂದಿತ್ತು. ನಿಜದ ಅಳತೆಯ ಹೆಂಗಸಿನ ತಲೆ, ಅದರ ಪಕ್ಕಕ್ಕೆ ಎತ್ತಿ ಹಿಡಿದ ಒಂದು ಬಲಗೈ. ಕೈಯ ಬೆರಳುಗಳು ಬಟ್ಟಲಿನಂತೆ ಬಾಗಿ ಖಾಲಿಯಾಗಿದ್ದವು. ಆ ಖಾಲಿ ತುಂಬಬೇಕಾದ ಕಾಯಿ, ನಿಜವಾದ ಸುಲಿದ ಕಾಯಿಯ ಗಾತ್ರದ್ದು, ಬೇರೆಯೇ ಅಚ್ಚಿನಲ್ಲಿ ನಿನ್ನೆ ಎರಕವಾಗಿ ಬಾಗಿಲ ಪಕ್ಕ ಮಣ್ಣಿನ ಮುದ್ದೆಯ ರೂಪದಲ್ಲಿ ಆರುತ್ತಿತ್ತು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಕೇಳಿಸಿಕೊಳ್ಳುವ ಆ ಹೆಂಗಸು ಅವನ ಚಿಕ್ಕವ್ವ, ಅವ್ವನ ತಂಗಿ ಭೈರಮ್ಮ. ತಲೆ ಮುಗಿದು ತಿಂಗಳಾದರೂ ಅವಳಿಗೆ ತೋರಿಸಿರಲಿಲ್ಲ. ಇವತ್ತು ಬಾ, ಕಾಯಿಯ ಅಚ್ಚು ನೀನೇ ಒಡೆಯಬೇಕು ಎಂದು ಹೇಳಿಕಳಿಸಿದ್ದ.

ಸೋಗೆಯ ತುದಿಗೆ ಕೊನೆಯ ಗೆರೆ ಎಳೆಯುತ್ತಿದ್ದಾಗ ಅವನ ಕೈ ಗಾಳಿಯಲ್ಲೇ ನಿಂತಿತು. ತೂತು. ಕಾಯಿಗೆ ತೂತು ಬಿಟ್ಟಿದ್ದೇನಾ? ಟೊಳ್ಳು ಎರಕಕ್ಕೆ ಮೊದಲು ಒಳಗೊಂದು ಮಣ್ಣುಂಡೆ ಮಾಡಬೇಕು, ಅದರ ಮೇಲೆ ಮೇಣ ಹೊದಿಸಿ ಆಕಾರ ತಿದ್ದಬೇಕು, ಮೇಣದ ಮೇಲೆ ಕೆರೆಯ ಗೋಡುಮಣ್ಣು ಮೆತ್ತಬೇಕು. ಮೇಣ ಕರಗಿ ಹರಿದುಹೋದ ಸಂದಿಗೆ ಕಂಚು ಹೊಯ್ಯುವುದು. ಒಳಗಿನ ಉಂಡೆ ಅಲುಗದ ಹಾಗೆ ಅಲ್ಲಲ್ಲಿ ಮೊಳೆ ಚುಚ್ಚಿರಬೇಕು, ಅದು ಉಸಿರಾಡಲು ರೂಪಾಯಿ ಅಗಲದ ಒಂದು ಕಿಂಡಿ ಬಿಟ್ಟಿರಬೇಕು. ಕಿಂಡಿ ಇಲ್ಲದಿದ್ದರೆ ಸಿಕ್ಕಿಕೊಂಡ ಗಾಳಿ ಕುದಿದು ಕಂಚಿನ ಗೋಡೆಯನ್ನೇ ಗುಳ್ಳೆಯೆಬ್ಬಿಸಿ ಕೆಡಿಸುತ್ತದೆ, ಕೆಡದಿದ್ದರೂ ಆಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆಯಲು ದಾರಿ ಇರುವುದಿಲ್ಲ. ಮೊಳೆ ಚುಚ್ಚಿದ್ದು ಚೆನ್ನಾಗಿ ನೆನಪಿತ್ತು. ಮೂರು ಕಣ್ಣು ತಿದ್ದಿದ್ದು, ಬೆನ್ನ ಮೇಲಿನ ಏಣು ಎಬ್ಬಿಸಿದ್ದು ನೆನಪಿತ್ತು. ಕಿಂಡಿ ಕೊರೆಯಲು ಚಾಕು ಕಾಯಿಸಿದ್ದೂ ನೆನಪಿತ್ತು. ಅಷ್ಟರಲ್ಲಿ ಫೋನು ಬಂದು, ಚಾಕು ಆರಿಹೋಗಿ, ಅವನು ಮೇಣದ ಕಾಯಿಯನ್ನು ಹಾಗೇ ಗೋಡಿನಲ್ಲಿ ಅದ್ದಿದ್ದ. ಒಂದನೇ ಪಾಠ ಕಲಿಯುವವನೂ ಇಂಥ ತಪ್ಪು ಮಾಡುವುದಿಲ್ಲ. ಮೈಸೂರಿನಲ್ಲಿ ಎರಕ ಹೇಳಿಕೊಟ್ಟ ಮೇಷ್ಟರು ಹುಡುಗರು ತಂದ ಕೆಲಸವನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಉಳಿದ ಮಣ್ಣು ಸದ್ದು ಮಾಡಿತೋ, ಒಂದು ಮಾತೂ ಆಡದೆ ಅದನ್ನು ಕೆಳಗಿಟ್ಟು ಮುಂದಿನ ಹುಡುಗನ ಕಡೆ ಕೈಚಾಚುತ್ತಿದ್ದರು. ಭೀಮರಾಜುವಿನದನ್ನು ಎರಡು ಸಲ ಹಾಗೆ ಕೆಳಗಿಟ್ಟಿದ್ದರು. ಆ ಎರಡು ಸಲದ ಬಿಸಿ ಈಗಲೂ ಕಿವಿಯಲ್ಲಿತ್ತು.

ಫೋನಿನಲ್ಲಿ ಬಂದಿದ್ದು ದೊಡ್ಡ ಮಾತೇನಲ್ಲ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಪ್ರದರ್ಶನ ಇಟ್ಟುಕೊಂಡಿದ್ದವರು ಕೃತಿಯ ಪಕ್ಕದ ಚೀಟಿಗೆ ಎರಡು ವಿವರ ಕೇಳಿದ್ದರು, ಶೀರ್ಷಿಕೆ ಏನು, ಇದರಲ್ಲಿರುವ ವ್ಯಕ್ತಿ ಯಾರು. ಅವನು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಹೋದ ವರ್ಷ ಅದೇ ಜಾಗದಲ್ಲಿ ಚಿಕ್ಕವ್ವನ ಬಣ್ಣದ ಚಿತ್ರ ಇಟ್ಟಿದ್ದಾಗ ಬಿಳೀ ಜುಬ್ಬಾ ತೊಟ್ಟ ಹಿರಿಯರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ಪಕ್ಕದಲ್ಲೊಬ್ಬಳು ಹುಡುಗಿ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದಳು. ಶ್ರಮಿಕರನ್ನು ಎಷ್ಟು ನಿರ್ಲಿಪ್ತವಾಗಿ ನೋಡಿದ್ದೀರಿ, ದೂರ ನಿಂತು ನೋಡುವವರಿಗೆ ಮಾತ್ರ ಇದು ಸಾಧ್ಯ ಎಂದು ಅವರು ಹೇಳಿದಾಗ ಅವನಿಗೆ ಮೈಯೆಲ್ಲ ಹಿತವಾಯಿತು. ಯಾರು ಈಕೆ ಎಂದು ಕೇಳಿದರು. ದೂರ ನಿಂತು ನೋಡುವವನಾಗಿಯೇ ಇರಬೇಕೆನ್ನಿಸಿಬಿಟ್ಟಿತ್ತಲ್ಲ, ಯಾರೋ ಸರ್, ನಮ್ಮ ಕಡೆ ಕೊಬ್ಬರಿ ಕೆಲಸದ ಹೆಂಗಸು ಎಂದ. ಹೇಳಿ ಮುಗಿಸುವ ಮೊದಲೇ ಬಾಯಲ್ಲಿ ಹಳೇ ಕೊಬ್ಬರಿಯ ಕಮಟು ಬಂತು. ಅವ್ವ ಹೋದಾಗ ಅವನಿಗೆ ಒಂಬತ್ತು ವರ್ಷ. ಭೈರಮ್ಮ ಕೆಲಸಕ್ಕೆ ಹೋದಲ್ಲೆಲ್ಲ ಅವನನ್ನು ಮಟ್ಟೆಯ ರಾಶಿಯ ಮೇಲೆ ಕೂರಿಸಿಕೊಂಡು, ಒಡೆದುಹೋದ ಕೊಬ್ಬರಿಯ ಚೂರನ್ನು ಸೆರಗಿನಲ್ಲಿ ಒರೆಸಿ ಬಾಯಿಗಿಡುತ್ತಿದ್ದಳು. ಇದ್ದಿಲಲ್ಲಿ ಗೋಡೆಯ ಮೇಲೆ ಗೀಚಿದರೆ ಬೇರೆಯವರು ಗದರುತ್ತಿದ್ದರು, ಅವಳು ಇನ್ನೊಂದು ಇದ್ದಿಲು ಕೊಡುತ್ತಿದ್ದಳು. ಯಾರೋ ಸರ್. ಒಂದು ವರ್ಷದಿಂದ ಮೇಣ ತೀಡುವಾಗ, ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಈ ಎರಡು ಮಾತು ತಾವಾಗಿಯೇ ಬಂದು ನಿಲ್ಲುತ್ತಿದ್ದವು. ಈ ಕಂಚಿನ ತಲೆಯನ್ನು ಅವನು ಶುರು ಮಾಡಿದ್ದೇ ಆ ಮಾತನ್ನು ತೊಳೆದುಕೊಳ್ಳುವುದಕ್ಕೆ. ಇವತ್ತು ಅವಳಿಗೆ ಹೇಳಿಬಿಡಬೇಕು, ಹೇಳಿದ ಮೇಲೆ ಕೈಯಲ್ಲೊಂದು ಚೆಂದದ ಕಾಯಿ ಇಡಬೇಕು ಎಂದೆಲ್ಲ ಅಂದುಕೊಂಡಿದ್ದ. ಈಗ ಆ ಕಾಯಿಯೂ ಕೈಕೊಟ್ಟ ಹಾಗಿತ್ತು.

ಎಂಟೂವರೆಯ ಬಸ್ಸು ಬಾಗಿಲ ಮುಂದೆಯೇ ನಿಂತು, ಡ್ರೈವರಿಗೆ ಏನೋ ಬುದ್ಧಿ ಹೇಳುತ್ತಲೇ ಭೈರಮ್ಮ ಇಳಿದಳು. ಅರವತ್ತೈದು ದಾಟಿದ ಗಟ್ಟಿ ಹೆಂಗಸು. ಕಂಕುಳಲ್ಲಿ ಬುತ್ತಿಯ ಚೀಲ, ಚೀಲದಿಂದ ಹೊರಗೆ ಇಣುಕುವ ಚಿಪ್ಪು ಬಿಡಿಸುವ ಸಣ್ಣ ಮಚ್ಚು. ಅದಿಲ್ಲದೆ ಅವಳು ಮದುವೆಮನೆಗೂ ಹೋಗುವುದಿಲ್ಲ ಎಂದು ಮಗಳು ಸುಷ್ಮಿತಾ ಆಡಿಕೊಳ್ಳುವುದುಂಟು. ಹತ್ತೂವರೆಗೆ ತುರುವೇಕೆರೆಯ ಕೊಬ್ಬರಿ ಅಂಗಳದಲ್ಲಿರಬೇಕು, ಲಾರಿ ಬರುತ್ತದೆ, ಅದೇನು ಒಡೆಯಬೇಕೋ ಬೇಗ ತೋರಿಸು ಎಂದಳು. ಬಾಗಿಲಲ್ಲಿ ನಿಂತು ಒಂದು ಸಲ ಅಟ್ಟದ ಕಡೆ ಮೂಗೆತ್ತಿ ವಾಸನೆ ಹಿಡಿದು, ಸದಾಶಿವಯ್ಯನವರ ಕಾಯಿಗೆ ಇನ್ನೊಂದು ತಿಂಗಳು ಬೇಕೆಂದೂ ಹೇಳಿದಳು. ಭೀಮರಾಜು ಮಣೆ ಹಾಕಿದ, ನೀರು ಕೊಟ್ಟ, ಮತ್ತೆ ನೀರು ಕೊಟ್ಟ. ಎರಡನೇ ಚೊಂಬನ್ನು ಅವಳು ಸುಮ್ಮನೆ ನೋಡಿದಳು. ಅವಳ ಮುಂದೆ ಅವನಿಗೆ ನಲವತ್ತೆಂಟು ವರ್ಷವಾಗಿದೆ ಎಂಬುದು ಯಾವತ್ತೂ ನೆನಪಿರುವುದಿಲ್ಲ. ತಪ್ಪಾಗಿದೆ, ಒಳಗೆ ಗಾಳಿ ಹೋಗಲು ಕಿಂಡಿ ಬಿಡುವುದು ಮರೆತೆ, ಹಾಳಾಗಿರಬಹುದು ಎಂದು ಕಾಯಿಯ ವಿಷಯ ಮಾತ್ರ ಒಪ್ಪಿಸಿದ. ಇನ್ನೊಂದು ವಿಷಯವನ್ನು ಆಮೇಲೆ ಹೇಳೋಣವೆಂದು ಬಿಟ್ಟ.

ಅವನು ಅಚ್ಚಿಗೆ ಸುತ್ತಿದ್ದ ತಂತಿ ಕತ್ತರಿಸಿ, ಸುತ್ತಿಗೆ ತಂದುಕೊಟ್ಟ. ಅವಳು ಅದನ್ನು ಪಕ್ಕಕ್ಕೆ ಸರಿಸಿ ತನ್ನ ಮಚ್ಚನ್ನೇ ತೆಗೆದಳು. ಸುಟ್ಟು ಕಪ್ಪಾದ ಮುದ್ದೆಯನ್ನು ಕಾಲುಗಳ ನಡುವೆ ಒತ್ತಿ ಹಿಡಿದು, ಮಚ್ಚಿನ ಬೆನ್ನಿನಿಂದ ಅಲ್ಲೊಂದು ಇಲ್ಲೊಂದು ತಟ್ಟಿ, ತಲೆ ಬಾಗಿಸಿ ಕೇಳಿಸಿಕೊಂಡಳು. ನೀನು ಇಲ್ಲಿ ಮಣ್ಣು ದಪ್ಪ ಮೆತ್ತಿದ್ದೀಯ, ಇಲ್ಲಿ ತೆಳು ಎಂದು ಬೆರಳಿಟ್ಟು ತೋರಿಸಿದಳು. ಅವನಿಗೆ ಆಶ್ಚರ್ಯವಾಯಿತು, ನಿಜವಾಗಿಯೂ ಹಾಗೇ ಇತ್ತು. ಭೀಮರಾಜು ಅಚ್ಚು ಒಡೆಯುವುದೆಂದರೆ ಅರ್ಧ ಗಂಟೆಯ ಗುದ್ದಾಟ, ಕಣ್ಣಿಗೆ ಧೂಳು, ಎಲ್ಲಿ ಪೆಟ್ಟು ಬಿದ್ದು ಕಂಚಿಗೆ ಗಾಯವಾದೀತೋ ಎಂಬ ಭಯ. ಭೈರಮ್ಮ ಮೂರು ಪೆಟ್ಟು ಹಾಕಿದಳು. ನಾಲ್ಕನೆಯದಕ್ಕೆ ಕೈಯೆತ್ತಿ ಬೇಡವೆಂದುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಮಣ್ಣು ಮೂರು ಹೋಳಾಗಿ ಬಿಟ್ಟುಕೊಂಡಿತು. ಒಳಗೆ ಕಾಯಿ ಕೂತಿತ್ತು, ಮಸಿ ಬಳಿದುಕೊಂಡು, ಮೈತುಂಬ ಮೊಳೆ ಚುಚ್ಚಿಕೊಂಡು, ತಲೆಯ ಮೇಲೆ ಎರಕ ಹೊಯ್ದ ಕಡ್ಡಿಯ ಜುಟ್ಟು ಬಿಟ್ಟುಕೊಂಡು. ಅವನು ಬಾಚಿಕೊಂಡು ಬೆಳಕಿಗೆ ಹಿಡಿದ. ತಿರುಗಿಸಿದ, ಮತ್ತೆ ತಿರುಗಿಸಿದ. ಗುಳ್ಳೆಯಿಲ್ಲ, ಬಿರುಕಿಲ್ಲ. ಮೂರು ಕಣ್ಣೂ ಮೂಡಿದ್ದವು, ಮೇಣದ ಮೇಲೆ ಬಿದ್ದಿದ್ದ ಅವನ ಹೆಬ್ಬೆರಳಿನ ಗೆರೆ ಕೂಡ ಹಾಗೇ ಉಳಿದಿತ್ತು. ಆ ಮೊಳೆಗಳ ಸಂದಿಯಲ್ಲೇ ಗಾಳಿ ಹೇಗೋ ದಾರಿ ಮಾಡಿಕೊಂಡಿರಬೇಕು. ಸಂತೋಷಕ್ಕೆ ಅವನು ಕಾಯಿಯ ಮಸಿಯನ್ನು ತನ್ನ ಅಂಗಿಯಲ್ಲೇ ಒರೆಸಿದ. ಇಪ್ಪತ್ತು ವರ್ಷದಲ್ಲಿ ಈ ಸಂತೋಷ ಒಂದು ಸಲವೂ ಹಳತಾಗಿರಲಿಲ್ಲ. ಉಳಿದ ಮಣ್ಣನ್ನು ಬಿಡಿಸಲು ನಾಲ್ಕು ಸಲ ಮೆಲ್ಲಗೆ ತಟ್ಟಿ, ಇಕ್ಕಳದಿಂದ ಒಂದೊಂದೇ ಮೊಳೆ ಕಿತ್ತ. ಕೊನೆಯ ಮೊಳೆ ಬಂದೊಡನೆ ಒಳಗೆ ಲೊಡಕ್ ಎಂದಿತು.

ಅವನ ಮುಖ ಸಪ್ಪಗಾಯಿತು. ಹೊರಗೆಲ್ಲ ಚೆನ್ನಾಗಿ ಬಂದು ಒಳಗೆ ಮಣ್ಣುಂಡೆ ಸಡಿಲವಾಗಿ ಉಳಿದುಬಿಟ್ಟಿದೆ, ತೆಗೆಯಬೇಕೆಂದರೆ ಗರಗಸ ಹಾಕಿ ಸೀಳಬೇಕು, ಸೀಳಿದರೆ ಬೆಸುಗೆಯ ಗೆರೆ ಉಳಿಯುತ್ತದೆ ಎಂದು ಹೇಳುತ್ತ ಗರಗಸಕ್ಕೆ ಕೈಚಾಚಿದ. ಮೇಷ್ಟರು ಕೆಲಸವನ್ನು ಮೆಲ್ಲಗೆ ಕೆಳಗಿಡುವ ಆ ಸಣ್ಣ ಸದ್ದು ಎದೆಯಲ್ಲಿ ಆಯಿತು. ಭೈರಮ್ಮ ಕೊಡು ಇಲ್ಲಿ ಎಂಬಂತೆ ಕೈನೀಡಿದಳು. ಭಾರಕ್ಕೆ ಮೊದಲು ಮಣಿಕಟ್ಟು ಬಾಗಿತು. ಆಮೇಲೆ ಬೆರಳುಗಳು ತಮಗೆ ಗೊತ್ತಿದ್ದ ಹಾಗೆ ಕಾಯಿಯ ಸುತ್ತ ಕೂತವು. ಬಲಗಿವಿಗೆ ಎತ್ತಿ, ಕಣ್ಣು ಅರ್ಧ ಮುಚ್ಚಿ, ಎರಡು ಸಲ ಅಲ್ಲಾಡಿಸಿದಳು. ಲೊಡ ಲೊಡ ಎಂದಿತು. ಇನ್ನೊಂದು ಸಲ ಅಲ್ಲಾಡಿಸಿದಳು. ಅವಳ ಮುಖದಲ್ಲಿ ಒಂದು ತೀರ್ಮಾನ ಬಂತು, ದಿನಕ್ಕೆ ಸಾವಿರ ಸಲ ಬರುವಂಥದ್ದೇ.

"ಆಗೈತೆ ಕಣ್ಲಾ," ಅಂದಳು. "ಒಳ್ಳೇ ಉಂಡೆ ಬಿಟ್ಟೈತೆ. ಇದನ್ನ ಯಾಕ್ಲಾ ಸೀಳ್ತೀಯ?"

ಭೀಮರಾಜು ಗರಗಸವನ್ನು ಹಿಡಿದುಕೊಂಡೇ ನಿಂತ. ಹತ್ತು ತಿಂಗಳಿನಿಂದ ಅವನು ಕಿವಿಗೆ ಹಿಡಿದ ಕಾಯಿಯನ್ನು ತಿದ್ದಿದ್ದ, ಕೇಳುವ ಮುಖವನ್ನು ತಿದ್ದಿದ್ದ, ಕೇಳುವುದಕ್ಕೆ ಅದರೊಳಗೆ ಏನಾದರೂ ಇರಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ. ಖಾಲಿ ಕಾಯಿಯನ್ನು ಕಿವಿಗೆ ಹಿಡಿಸಿ ಅವಳನ್ನು ಬೆಂಗಳೂರಿಗೆ ಕಳಿಸುತ್ತಿದ್ದ. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂದು ಎರಡೂ ಬಾಗಿಲಲ್ಲಿ ಸಿಕ್ಕಿಕೊಂಡವು. ಗರಗಸ ಬಿಟ್ಟು ಮೂಲೆಗೆ ಹೋಗಿ ಸೀರೆ ಎಳೆದ. ಭೈರಮ್ಮ ಎದ್ದು ಬಂದು ಕಂಚಿನ ತಲೆಯ ಎದುರು ನಿಂತಳು. ಪೀಠದ ಮೇಲಿನ ಆ ಮುಖವೂ ಅವಳ ಮುಖವೂ ಒಂದೇ ಎತ್ತರದಲ್ಲಿದ್ದವು. ಕಂಚಿನ ಕೆನ್ನೆಯನ್ನು ಹಿಂಗೈಯಿಂದ ಮುಟ್ಟಿದಳು, ಜ್ವರ ನೋಡುವವಳ ಹಾಗೆ. ತನ್ನ ಮೂಗು ಇಷ್ಟು ದಪ್ಪ ಯಾವಾಗ ಆಯಿತು ಎಂದು ಕೇಳಿದಳು. ಆಮೇಲೆ ಕೈಯಲ್ಲಿದ್ದ ಕಾಯಿಯನ್ನು ಕಂಚಿನ ಬೆರಳುಗಳ ನಡುವೆ ತಾನೇ ಇಟ್ಟಳು. ಜುಟ್ಟಿನ ಕಡ್ಡಿ ಇದ್ದರೂ ಸರಿಯಾಗಿ ಕೂತಿತು. ಅವಳ ಕಣ್ಣು ತುಂಬಿತು. ಅದನ್ನು ಅವಳು ಮುಚ್ಚಿಡಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ.

ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಎನ್ನಿಸಿ ಅವನು ಹೇಳತೊಡಗಿದ. ಜುಬ್ಬಾದವರಿಂದ ಶುರುಮಾಡಿ, ಚಿತ್ರದ ಅಳತೆ, ಪ್ರದರ್ಶನದ ದೀಪಗಳ ವಿಷಯವನ್ನೆಲ್ಲ ಹೇಳಿ, ಎಲ್ಲಿ ಬಂದು ಮುಟ್ಟಬೇಕೋ ಅಲ್ಲಿಗೆ ಬರುತ್ತ ಬರುತ್ತ ನಿಧಾನವಾದ. ಭೈರಮ್ಮ ಮಧ್ಯದಲ್ಲೇ ತಡೆದಳು. ಯಾರೋ ಕೊಬ್ಬರಿ ಕೆಲಸದ ಹೆಂಗಸು ಅಂದದ್ದು ತಾನೇ, ಯಾರೋ ವಿಡಿಯೋ ಹಾಕಿದ್ದರು, ಸುಷ್ಮಿತಾ ಅವತ್ತೇ ಫೋನಿನಲ್ಲಿ ತೋರಿಸಿದಳು ಎಂದಳು. ಭೀಮರಾಜುವಿಗೆ ನಿಂತ ನೆಲ ಇಳಿದ ಹಾಗಾಯಿತು. ಹಾಗಾದರೆ ಒಂದು ವರ್ಷದಿಂದ ಇವಳು ತನಗೆ ಹಬ್ಬಕ್ಕೆ ಒಬ್ಬಟ್ಟು ಕಳಿಸಿದ್ದು, ಮೆಣಸಿನಪುಡಿ ಕಳಿಸಿದ್ದು, ಎಲ್ಲವೂ ಗೊತ್ತಿದ್ದೂ. ನಿನಗೆ ಬೇಜಾರಾಗಲಿಲ್ಲವಾ ಎಂದು ಕೇಳಿದ. ಆಯಿತು, ಎರಡು ದಿನ ಅನ್ನ ಸೇರಲಿಲ್ಲ ಎಂದು ಅವಳು ನೇರವಾಗಿಯೇ ಹೇಳಿದಳು. ಹೇಳಿ, ಮಣೆಯ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡತೊಡಗಿದಳು. ತಪ್ಪು ಮಾಡಿದ ಹುಡುಗಿಯ ಹಾಗಿದ್ದ ಅವಳನ್ನು ಅವನು ಯಾವತ್ತೂ ನೋಡಿರಲಿಲ್ಲ.

"ಆಮೇಲೆ ನಂದೂ ನೆಪ್ಪಾಯ್ತು ಬುಡು," ಅಂದಳು. "ನೀನು ಆ ಚಿತ್ರಕ್ಕೇಂತ ನಮ್ಮ ಅಂಗಳಕ್ಕೆ ಬಂದು ಮೂರು ದಿನ ಚೀಲದ ಮೇಲೆ ಕುಂತ್ಕೊಂಡು ಬರೀತಿದ್ದಲ್ಲ. ನಮ್ಮ ಜೊತೆ ಚಿಪ್ಪು ಬಿಡ್ಸೋ ಹುಚ್ಚಕ್ಕ ಬಂದು, ಯಾರೇ ಭೈರಿ ಆ ಗಡ್ಡದೋನು, ಕ್ಯಾಮೆ ಇಲ್ದೆ ಹೆಂಗಸ್ರನ್ನೇ ನೋಡ್ತಾ ಕುಂತವ್ನೆ ಅಂದ್ಲು. ಎಲ್ರೂ ನಗ್ತಿದ್ರು. ಯಾರೋ ಕಾಣೆ ಕಣೇ, ಪ್ಯಾಟೆಯೋನು ಇರ್ಬೇಕು ಅಂದ್ಬುಟ್ಟೆ."

ಭೀಮರಾಜು ಬಾಯಿ ತೆರೆದು ನೋಡಿದ. ಮೂರು ದಿನವೂ ಮಧ್ಯಾಹ್ನ ಅವಳು ಅವನ ಮುಂದೆಯೇ ಹಾದು ಹೋಗಿ, ಗೋಡೆಯ ಆಚೆ ಕರೆದು ಬುತ್ತಿಯ ಮುದ್ದೆ ಕೊಟ್ಟಿದ್ದಳು. ಎಲ್ಲರ ಮುಂದೆ ಯಾಕೆ ಕೊಡಲಿಲ್ಲವೆಂದು ಅವನಿಗೆ ಈಗ ತಿಳಿಯಿತು. ಮೊದಲು ಸಣ್ಣಗೆ ಚುಚ್ಚಿತು, ಅವನಿಗೂ ಅಭಿಮಾನ ಇತ್ತಲ್ಲ. ಆ ಚುಚ್ಚಿದ ಜಾಗದಿಂದಲೇ ನಗು ಎದ್ದಿತು. ಅವಳ ಮಾನಕ್ಕೆ ಅವನು ಕುಂದಾಗಿದ್ದ, ಅವನ ದೊಡ್ಡಸ್ತಿಕೆಗೆ ಅವಳು. ಇಬ್ಬರೂ ನಕ್ಕರು. ಅಟ್ಟದಲ್ಲಿ ಇಲಿಯೊಂದು ಹೆದರಿ ಓಡಿ ಕಾಯಿ ಉರುಳಿತು, ಅದಕ್ಕೆ ಇನ್ನೂ ನಕ್ಕರು. ಅವನು ಮಣ್ಣು ಮೆತ್ತಿದ ಬೆರಳಿನಲ್ಲಿ ಫೋನು ತೆಗೆದು ಬೆಂಗಳೂರಿನವರಿಗೆ ಉತ್ತರ ಬರೆದ. ಏನು ಬರೆದೆ ಎಂದು ಅವಳು ಕೇಳಿದಳು. ನಿನ್ನ ಹೆಸರು, ಭೈರಮ್ಮ ಅಂತ ಎಂದ. ಅವಳಿಗೆ ಅದು ಸಾಲದಾಯಿತು. ನಮ್ಮೂರಲ್ಲೇ ಆರು ಜನ ಭೈರಮ್ಮಂದಿರಿದ್ದಾರೆ, ಅವರಿಗೆ ಯಾವ ಭೈರಮ್ಮ ಅಂತ ಹೇಗೆ ತಿಳಿಯಬೇಕು ಎಂದು ಗದರಿದಳು. ಅವನು ಪಕ್ಕದಲ್ಲಿ, ನನ್ನ ಚಿಕ್ಕವ್ವ ಎಂದು ಸೇರಿಸಿ ಕಳಿಸಿದ.

ಹತ್ತು ಗಂಟೆಯ ಬಸ್ಸು ಹೋಗಿಬಿಟ್ಟಿತ್ತು. ಎರಕದ ಜುಟ್ಟು ಕೊಯ್ದು, ಕೊಯ್ದ ಜಾಗಕ್ಕೆ ಅರ ಹಾಕಿ, ಅವನು ಅವಳನ್ನು ತನ್ನ ಟಿವಿಎಸ್ಸಿನ ಹಿಂದೆ ಕೂರಿಸಿಕೊಂಡು ಹೊರಟ. ಕಂಚಿನ ಕಾಯಿ ಅವಳ ಮಡಿಲಲ್ಲಿತ್ತು. ಅದು ಇಲ್ಲೇ ಇರಲಿ ಎಂದು ಅವನು ಹೇಳಿದರೂ ಅವಳು ಬಿಟ್ಟಿರಲಿಲ್ಲ, ನಮ್ಮವರಿಗೂ ಒಂದು ಸಲ ತೋರಿಸಿ ಕಳಿಸುತ್ತೇನೆ ಎಂದಿದ್ದಳು. ರಸ್ತೆಯ ಎರಡೂ ಬದಿಗೆ ತೋಟ ಓಡುತ್ತಿತ್ತು. ಬಿಸಿಲು ಮರಗಳ ಸಾಲಿನಿಂದ ಬಿದ್ದು ಬಿದ್ದು ನಿಲ್ಲುತ್ತಿತ್ತು. ಸೋಗೆಯ ನೆರಳು ಡಾಂಬರಿನ ಮೇಲೆ ಕಂದೂ ಅಲ್ಲ, ನೀಲಿಯೂ ಅಲ್ಲ. ನಾಳೆ ಬೆಳಿಗ್ಗೆ ಕಾಫಿಗೆ ಒಂದಿಷ್ಟು ನೀಲಿ ಬೆರೆಸಿ ನೋಡಬೇಕೆಂದುಕೊಂಡ. ಪ್ರತಿ ಹಳ್ಳಕ್ಕೂ ಬೆನ್ನ ಹಿಂದೆ ಲೊಡಕ್ ಎನ್ನುತ್ತಿತ್ತು. ಪ್ರತಿ ಲೊಡಕ್ಕಿಗೂ ಅವನಿಗೆ ಮೈಸೂರಿನ ಮೇಷ್ಟರು ನೆನಪಾಗಿ, ಅವರಿಗೂ ಒಂದು ಸಲ ಈ ಕಾಯಿಯನ್ನು ಕಿವಿಗೆ ಹಿಡಿಸಬೇಕಿತ್ತೆನಿಸಿತು.

ಅಂಗಳದಲ್ಲಿ ಲಾರಿ ಇನ್ನೂ ಬಂದಿರಲಿಲ್ಲ. ಹನ್ನೆರಡು ಹೆಂಗಸರು ನೆರಳಿನಲ್ಲಿ ಸಾಲಾಗಿ ಕೂತು ಚಿಪ್ಪು ಬಿಡಿಸುತ್ತಿದ್ದರು. ಭೈರಮ್ಮ ಯಾರಿಗೂ ಏನೂ ಹೇಳದೆ ಕಂಚಿನ ಕಾಯಿಯನ್ನು ಹುಚ್ಚಕ್ಕನ ಮುಂದಿದ್ದ ರಾಶಿಯ ಮೇಲಿಟ್ಟಳು. ಹುಚ್ಚಕ್ಕ ಹರಟೆ ಹೊಡೆಯುತ್ತಲೇ ಕೈಹಾಕಿ ಎತ್ತಲು ಹೋಗಿ, ಏಳದೆ, ಇದ್ಯಾವ ಕಾಯಿ ಎಂದು ಕೆಳಗೆ ನೋಡಿದಳು. ಎರಡೂ ಕೈಯಲ್ಲಿ ಹಿಡಿದು ಕಿವಿಗೆ ತಂದು ಅಲ್ಲಾಡಿಸಿದಳು. ಬೇರೆ ಏನು ಮಾಡಲೂ ಅವಳಿಗೆ ತೋಚಲಿಲ್ಲವೆಂದು ಕಾಣುತ್ತದೆ. ಆಗಿದೆ ಎಂದು ಪಕ್ಕದವಳಿಗೆ ಕೊಟ್ಟಳು. ಅವಳೂ ಅಲ್ಲಾಡಿಸಿ, ಆಗಿದೆ ಎಂದು ಮುಂದಿನವಳಿಗೆ ಕೊಟ್ಟಳು. ಕಾಯಿ ಸಾಲಿನ ಕೊನೆಯವರೆಗೂ ಹೋಯಿತು. ಹನ್ನೆರಡು ಜನರೂ ಕಣ್ಣು ಅರ್ಧ ಮುಚ್ಚಿ ಕೇಳಿದರು. ಒಬ್ಬರೂ ಅದನ್ನು ಕೆಳಗಿಡಲಿಲ್ಲ. ಭೀಮರಾಜು ಗೇಟಿನ ಹತ್ತಿರ ಗಾಡಿ ಹಿಡಿದುಕೊಂಡು ನಿಂತಿದ್ದ, ಹೋದ ವರ್ಷ ಚೀಲದ ಮೇಲೆ ಕೂತಿದ್ದ ಜಾಗದಲ್ಲೇ. ಹುಚ್ಚಕ್ಕ ಈಗ ಅವನನ್ನು ಗುರುತು ಹಿಡಿದು, ಗದ್ದ ಎತ್ತಿ ತೋರಿಸುತ್ತ, ಆ ಗಡ್ಡದವನು ಮತ್ತೆ ಬಂದಿದ್ದಾನಲ್ಲ, ಯಾರೇ ಭೈರಿ ಅವನು ಎಂದು ಕೇಳಿದಳು. ಭೈರಮ್ಮ ಬಾಯಿ ತೆರೆದಳು. ಅವಳಿಗಿಂತ ಮೊದಲು ಭೀಮರಾಜು ಗಾಡಿಯನ್ನು ಸ್ಟ್ಯಾಂಡಿಗೆ ಎಳೆದು ಒಳಗೆ ಬಂದ.

"ನಾನು ಈವಮ್ಮನ ಅಕ್ಕನ ಮಗ ಕಣವ್ವ," ಅಂದ. "ಈವಮ್ಮ ಕೊಟ್ಟ ಕೊಬ್ಬರಿ ಚೂರು ತಿಂದು ಬೆಳ್ದೋನು."

ಹೆಂಗಸರು ಅವನನ್ನು ನೋಡಿದರು, ಭೈರಮ್ಮನನ್ನು ನೋಡಿದರು, ಇಬ್ಬರ ಮೂಗನ್ನೂ ನೋಡಿದರು. ಹುಚ್ಚಕ್ಕ ಒಂದು ಕಾಯಿ ತೆಗೆದುಕೊಂಡು ಮಚ್ಚಿನ ಬೆನ್ನಿನಿಂದ ತಟ್ಟಿದಳು.

"ಅದನ್ನ ಹೋದ್ ವರ್ಷನೇ ಯೋಳೋಕೆ ಏನಾಗಿತ್ತು ನಿಮ್ಮಿಬ್ರಿಗೂ?" ಅಂದಳು.

ಭೈರಮ್ಮ ಬುತ್ತಿ ಬಿಚ್ಚಿ ಎಲ್ಲರ ಮುಂದೆಯೇ ಮುದ್ದೆ ಮುರಿದು ಅವನಿಗೆ ಅರ್ಧ ಕೊಟ್ಟಳು. ಅವನು ಚೀಲದ ಮೇಲೆ ಕೂತು ಊಟ ಮಾಡಿದ.